ಶಸ್ತ್ರತ್ಯಾಗವೂ ಸಮತ್ವವೂ

ಆಯುಧವನ್ನು ಕಂಡುಹಿಡಿದ ಮನುಷ್ಯನೇ ಆಯುಧಕ್ಕೆ ಕಟ್ಟಳೆಯನ್ನೂ ಕಂಡುಹಿಡಿದನು. ಈ ಎರಡನೆಯ ಪ್ರಯತ್ನವು ಕೇವಲ ಇತ್ತೀಚಿನದೆಂದೂ, ಪಾಶ್ಚಾತ್ಯ ಮುತ್ಸದ್ದಿಗಳ ಬುದ್ಧಿಯಿಂದ ಹುಟ್ಟಿದುದೆಂದೂ ಹಲವರು ಭಾವಿಸುವುದುಂಟು. ಬೆಳ್ತಂಗಡಿ ತಾಲೂಕಿನ ವೇಣೂರಿಗೆ ಹೋಗಿ ಬಂದವರಿಗೆ ಈ ಭಾವನೆಯು ನಿಲ್ಲಲಾರದು. ಅಲ್ಲಿ ಫಲ್ಗುಣೀ ನದಿಯ ತೀರದಲ್ಲಿ, 1604ನೆಯ ಇಸವಿಯಲ್ಲಿ ತಿಮ್ಮರಾಜ ಅಜಿಲನು ಪ್ರತಿಷ್ಠೆ ಮಾಡಿಸಿದ ಸುಮಾರು 35 ಅಡಿ ಎತ್ತರದ ಬಾಹುಬಲಿಯು ನಿಂತಿರುವನು. ಆ ಮೂರ್ತಿಯ ಹಿಂದಿರುವ ಕಥೆಯು ಒಂದು ಯುದ್ಧನಿಯಮದ ಕಥೆಯೇ ಆಗಿದೆ.

ಭರತ ಬಾಹುಬಲಿಗಳು ರಣರಂಗದಲ್ಲಿ ಎದುರುಬದುರಾದಾಗ, ಅಣ್ಣತಮ್ಮಂದಿರ ಕಲಹಕ್ಕಾಗಿ ಉಭಯಪಕ್ಷದ ಸೈನ್ಯವು ವ್ಯರ್ಥವಾಗಿ ಸಾಯಬಾರದೆಂದು ಮಂತ್ರಿಗಳು ಕೂಡಿ ಆಲೋಚಿಸಿದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂಬ ಮೂರರಿಂದಲೇ ಜಯಾಪಜಯಗಳು ನಿರ್ಣಯವಾಗತಕ್ಕುದೆಂದು ಒಡಂಬಡಿಕೆಯಾಯಿತು. ಮೂರರಲ್ಲಿಯೂ ಭರತನು ಸೋತನು. ಸೋತವನ ವಶದಲ್ಲಿ ಚಕ್ರರತ್ನವೊಂದು ಉಳಿದಿತ್ತು. ಕೋಪಾವಿಷ್ಟನಾಗಿ ಅವನು ಅದನ್ನು ಪ್ರಯೋಗಿಸಿದನು. ಚಕ್ರವು ಬಾಹುಬಲಿಯನ್ನು ಬಲಗೊಂಡು ಸುಮ್ಮನೆ ನಿಂತಿತೆಂಬುದು ಪುರಾಣ. ಲೋಕದ ಚರಿತ್ರೆಯಲ್ಲಾದರೋ ಚಕ್ರಗಳು ಹಾಗೆ ನಿಲ್ಲುವುದಿಲ್ಲ. ಒಡಂಬಡಿಕೆಗೆ ಒಪ್ಪಿದ ಇಬ್ಬರಲ್ಲಿ ಒಬ್ಬನು ಮಾತ್ರ ಕಡೆಯ ಆಯುಧವನ್ನು ತನ್ನಲ್ಲಿಯೇ ಇಟ್ಟುಕೊಂಡರೆ ಏನಾಗುವುದೆಂಬುದನ್ನು ಈ ಕಥೆಯು ಸ್ಪಷ್ಟವಾಗಿ ತೋರಿಸುತ್ತದೆ.

ವೇಣೂರಿಗೆ ಸಮೀಪದ ಮೂಡಬಿದ್ರೆಯ ಶ್ರಾವಕರಲ್ಲಿ ಇನ್ನೂ ಸೂಕ್ಷ್ಮವಾದ ವಿಚಾರವೊಂದು ಬೆಳೆದುಬಂದಿದೆ. ಗೃಹಸ್ಥನು ಬಿಡತಕ್ಕ ಅನರ್ಥದಂಡಗಳು ಐದೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿರುವರು. ಅವುಗಳಲ್ಲಿ ಹಿಂಸಾದಾನವೆಂಬುದೊಂದು. ಕೊಡಲಿ, ಖಡ್ಗ, ಬೆಂಕಿ, ವಿಷ, ಸಂಕೋಲೆ ಮೊದಲಾದ ಹಿಂಸಾಸಾಧನಗಳನ್ನು ಇತರರಿಗೆ ಕೊಡುವುದೇ ಹಿಂಸಾದಾನ. ತಾನು ಕೊಲ್ಲದಿದ್ದರೆ ಸಾಲದು. ಕೊಲ್ಲುವ ಸಾಧನವು ತನ್ನ ಕೈಯಿಂದ ಇನ್ನೊಬ್ಬನ ಕೈಗೆ ದಾಟಲೂ ಬಾರದು ಎಂದು ಇದರ ತಾತ್ಪರ್ಯ. ಅಸ್ತ್ರಪ್ರಸಾರನಿರೋಧವೆಂದು ಈಗಿನ ರಾಜ್ಯತಂತ್ರಜ್ಞರು ಕರೆಯುವ ತತ್ತ್ವದ ಬೀಜವು ಇಲ್ಲಿದೆ. ಆದರೆ ಒಂದು ಭೇದವನ್ನು ಗಮನಿಸಬೇಕು. ಶ್ರಾವಕನು ಈ ವ್ರತವನ್ನು ಮೊದಲು ತಾನು ಹಿಡಿಯುವನು, ಇತರರ ಮೇಲೆ ಹೊರಿಸುವುದಿಲ್ಲ.

ವ್ರತವು ಮನೆಗಳಲ್ಲಿ ಉಳಿಯಿತಲ್ಲದೆ ಅರಮನೆಗಳಲ್ಲಿ ಉಳಿಯಲಿಲ್ಲವೆಂಬುದನ್ನೂ ಹೇಳತಕ್ಕುದು. ಅದೇ ಧರ್ಮಕ್ಕೆ ಸೇರಿದ ಮೂಡಬಿದ್ರೆಯ ಚೌಟರು, ವೇಣೂರಿನ ಅಜಿಲರು, ನಂದಾವರದ ಬಂಗರು ತಮ್ಮ ತಮ್ಮ ಸೀಮೆಗಳಲ್ಲಿ ಕೋಟೆಗಳನ್ನೂ ಆಯುಧಪಾಣಿಗಳಾದ ಬಂಟರನ್ನೂ ಇಟ್ಟುಕೊಂಡಿದ್ದರು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದ ತರುವಾಯ ಈ ಸಣ್ಣ ಅರಸುಗಳ ಬಲವು ಕುಗ್ಗುತ್ತ ಬಂದಿತು. ಟಿಪ್ಪು ಸುಲ್ತಾನನು ಬೆಳ್ತಂಗಡಿಯ ಬಳಿಯ ಕಡಿದಾದ ಬಂಡೆಯ ಮೇಲೆ ಜಮಾಲಾಬಾದಿನ ಕೋಟೆಯನ್ನು ಕಟ್ಟಿಸಿದನು. 1799ರಲ್ಲಿ ಈ ಸೀಮೆಯು ಕಂಪೆನಿ ಸರಕಾರದ ವಶವಾಯಿತು. ಮರುವರ್ಷವೇ ದಂಗೆಯವರು ಆ ಕೋಟೆಯನ್ನು ಹಿಡಿದುದರಿಂದ ಇಂಗ್ಲಿಷರು ಬಹುಕಾಲ ಮುತ್ತಿಗೆ ಹಾಕಬೇಕಾಯಿತು. ಬಂಟವಾಳ ತಾಲೂಕಿನ ವಿಟ್ಲದ ಅರಸು ಹೆಗ್ಗಡೆಯವರೂ ಅದೇ 1800ರಲ್ಲಿ, ಥಾಮಸ್ ಮನ್ರೋ ಕಲೆಕ್ಟರನಾಗಿದ್ದಾಗ, ದಂಗೆಯೆದ್ದು ಮರಣದಂಡನೆಗೆ ಗುರಿಯಾದರು.

ಅರಸುಗಳು ಅಡಗಿದರೂ ರೈತರ ಮನೆಗಳಲ್ಲಿ ಆಯುಧಗಳು ಅಡಗಲಿಲ್ಲ. 1834ರಲ್ಲಿ ಕೊಡಗು ಕಂಪೆನಿಯ ಕೈಸೇರಿದಾಗ ಅಮರಸುಳ್ಯ ಪುತ್ತೂರು ಮಾಗಣೆಗಳು ಕೆನರಾ ಜಿಲ್ಲೆಗೆ ಸೇರಿಸಲ್ಪಟ್ಟುವು. ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಹಣದಲ್ಲಿಯೇ ಸಲ್ಲಿಸಬೇಕೆಂಬ ಕಟ್ಟಳೆಯಿಂದ ರೈತರು ಕಂಗೆಟ್ಟರು. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳುತನದಲ್ಲಿ, ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಎದ್ದ ದಂಡು ಪುತ್ತೂರು ಬಂಟವಾಳಗಳನ್ನು ಹಾದು ಏಪ್ರಿಲ್ 5ರಂದು ಮಂಗಳೂರನ್ನು ಹಿಡಿಯಿತು. ನಂದಾವರದ ಬಂಗರಸನೂ ಅದನ್ನು ಕೂಡಿಕೊಂಡನು. ಸುಮಾರು ಎರಡು ವಾರಗಳಲ್ಲಿ ಸರಕಾರವು ದಂಗೆಯನ್ನು ಮುರಿದು, ಮುಂದಾಳುಗಳನ್ನು ಬಿಕರ್ನಕಟ್ಟೆಯಲ್ಲಿ ನೇಣಿಗೇರಿಸಿತು. ಕೊಡಗಿನೊಳಗೆ ದಂಗೆಯನ್ನು ಅಡಗಿಸಲು ನೆರವಾದ ಅಲ್ಲಿಯ ದಿವಾನರಿಗೂ ಪ್ರಮುಖರಿಗೂ ಪದಕಗಳು ದೊರೆತುವು. ನೇಗಿಲನ್ನು ಹಿಡಿಯುವ ಕೈಯೇ ಬಂದೂಕನ್ನೂ ಹಿಡಿಯಬಲ್ಲದೆಂಬ ಭಯವು ಆಳುವವರ ಮನಸ್ಸಿನಲ್ಲಿ ಇಂಥ ಪ್ರಸಂಗಗಳಿಂದ ಬಲಿಯುತ್ತ ಹೋಯಿತು.

ಈ ಭಯಕ್ಕೆ 1857ರಲ್ಲಿ ಶಾಸನದ ರೂಪ ಬಂದಿತು. ಉತ್ತರ ಹಿಂದುಸ್ಥಾನದಲ್ಲಿ ಸಿಪಾಯಿಗಳು ತಿರುಗಿಬಿದ್ದ ವರ್ಷವದು. ಪ್ರಜೆಗಳು ತಮ್ಮ ಆಯುಧಗಳನ್ನು ಬರೆಯಿಸಿ ಪರವಾನಗಿ ಪಡೆಯಬೇಕು, ಇಲ್ಲವೆ ಸರಕಾರಕ್ಕೆ ಒಪ್ಪಿಸಬೇಕು ಎಂದು ಆಜ್ಞೆಯಾಯಿತು. ಕನ್ನಡ ನಾಡಿನಲ್ಲಿ ಇದರ ಪೆಟ್ಟು ಮೊದಲು ಬಿದ್ದುದು ಮುಧೋಳ ಸಂಸ್ಥಾನಕ್ಕೆ ಸೇರಿದ ಹಲಗಲಿಯೆಂಬ ಹಳ್ಳಿಯ ಮೇಲೆ. ಅಲ್ಲಿಯ ಬೇಡರಿಗೆ ಆಯುಧವು ಅಲಂಕಾರವಾಗಿರಲಿಲ್ಲ. ಬೇಟೆ, ಕಾವಲು, ಮಾನ ಈ ಮೂರೂ ಅದರಲ್ಲಿಯೇ ಇದ್ದುವು. ಒಪ್ಪಿಸಿದ ಆಯುಧವು ತಿರುಗಿ ಬರುವುದೆಂಬ ನಂಬಿಕೆಯೂ ಇರಲಿಲ್ಲ. ಕೇಳುವವನು ತನ್ನದನ್ನು ಕೆಳಗಿಡುವನೆಂಬ ಮಾತಂತೂ ಇರಲೇ ಇಲ್ಲ. ಜಡಗ, ಬಾಲ, ಹನುಮ, ರಾಮ ಎಂಬವರ ಮುಂದಾಳುತನದಲ್ಲಿ ಊರವರು ಆಯುಧಗಳನ್ನು ಕೊಡಲೊಲ್ಲೆವೆಂದು ನಿಂತರು.

ನವೆಂಬರ್ ತಿಂಗಳ ಕೊನೆಯಲ್ಲಿ ಕರ್ನಲ್ ಮಾಲ್ಕಮನು ಕುದುರೆಯ ದಂಡಿನೊಡನೆ ಹಲಗಲಿಯನ್ನು ಸುತ್ತಿದನು. ಕಾಲ್ದಳವು ಬಂದು ಕೂಡಿದ ಬಳಿಕ ಊರಿಗೆ ಬೆಂಕಿಯಿಡಲಾಯಿತು. ನೂರರಷ್ಟು ಜನರು ಮಡಿದರು. ಅದಕ್ಕಿಂತಲೂ ಹೆಚ್ಚು ಮಂದಿ ಸೆರೆಸಿಕ್ಕಿದರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿಯನ್ನೂ, 14ರಂದು ಹಲಗಲಿಯಲ್ಲಿಯೇ 6 ಮಂದಿಯನ್ನೂ ಗಲ್ಲಿಗೇರಿಸಿದರು. ಶಾಂತಿಗಾಗಿ ಎಂದು ಹೊರಡಿಸಿದ ಆಜ್ಞೆಯು ಒಂದು ಊರನ್ನೇ ಬೂದಿಮಾಡಿತು. ಜನರು ಇದನ್ನು ಲಾವಣಿಯಾಗಿ ಹಾಡಿಕೊಂಡು ಬಂದರು. ಆ ಲಾವಣಿಯನ್ನು ಸಂಗ್ರಹಿಸಿ 1885ರಲ್ಲಿ ಅಚ್ಚುಮಾಡಿಸಿದವನು ಜೆ. ಎಫ್. ಫ್ಲೀಟನೆಂಬ ಇಂಗ್ಲಿಷ್ ಅಧಿಕಾರಿಯೇ ಆಗಿದ್ದನೆಂಬುದು ಗಮನಾರ್ಹವು.

ಹಲಗಲಿಯಲ್ಲಿ ಇಷ್ಟು ಕಠಿನವಾದ ನೀತಿಯು ಕೊಡಗಿನಲ್ಲಿ ಮೃದುವಾಯಿತು. ಕೊಡಗರ ರಾಜನಿಷ್ಠೆಗೆ ಮೆಚ್ಚಿ, 1861ರಲ್ಲಿ ಕಮಿಶನರನಾಗಿದ್ದ ಮಾರ್ಕ್ ಕಬ್ಬನನು ಅವರನ್ನು ಶಸ್ತ್ರಶಾಸನದಿಂದ ಹೊರತುಪಡಿಸಿದನು. ಆ ವಿನಾಯಿತಿಯು ರೂಪಾಂತರಗಳಿಂದ ಉಳಿದು, 2019ರಲ್ಲಿ ಇನ್ನೂ ಹತ್ತು ವರ್ಷಗಳಿಗೆ ಮುಂದುವರಿಸಲ್ಪಟ್ಟಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಕೊಡಗರ ಮನೆಯ ಬಂದೂಕು ಕೈಲ್ ಪೊಳ್ದಿನ ಪೂಜೆಗೆ ಸಲ್ಲುವ ಪವಿತ್ರವಸ್ತುವೆಂಬುದು ನಿಜ. ಹಲಗಲಿಯವರ ಕತ್ತಿಯೂ ಅವರಿಗೆ ಕಡಿಮೆಯದಾಗಿರಲಿಲ್ಲ. ಪೂಜ್ಯತೆ ಎರಡು ಕಡೆಯೂ ಇದ್ದಿತು. ಆಳುವವರ ನಂಬಿಕೆ ಒಂದೇ ಕಡೆ ಇದ್ದಿತು.

1878ರಲ್ಲಿ ಲಿಟ್ಟನನ ಕಾಲದ ಶಸ್ತ್ರಶಾಸನವು ಈ ವೈಷಮ್ಯವನ್ನು ದೇಶಕ್ಕೆಲ್ಲ ಹರಡಿತು. ಯುರೋಪಿಯನರಿಗೆ ವಿನಾಯಿತಿ, ಹಿಂದುಸ್ಥಾನದವರಿಗೆ ಪರವಾನಗಿ ಎಂಬ ಭೇದವೇ ಜನರ ಮನಸ್ಸನ್ನು ಹೆಚ್ಚಾಗಿ ನೋಯಿಸಿತು. 1881ರಲ್ಲಿ ಮೈಸೂರು ಅರಸರಿಗೆ ರಾಜ್ಯವನ್ನು ಹಿಂದಿರುಗಿಸುವಾಗಲೂ, ಅನುಮತಿಯಿಲ್ಲದೆ ಕೋಟೆಗಳನ್ನು ಕಟ್ಟಬಾರದು, ಆಯುಧಗಳನ್ನು ತರಿಸಬಾರದು ಎಂಬ ಷರತ್ತುಗಳು ಬರೆಯಲ್ಪಟ್ಟುವು. ಆದುದರಿಂದಲೇ 1931ರ ಕರಾಚಿ ಕಾಂಗ್ರೆಸ್ಸು ಪ್ರಜೆಗಳ ಹಕ್ಕುಗಳನ್ನು ಎಣಿಸುವಾಗ ನಿಯಮಾನುಸಾರವಾಗಿ ಆಯುಧವನ್ನು ಇಟ್ಟುಕೊಳ್ಳುವ ಹಕ್ಕನ್ನೂ ಸೇರಿಸಿತು. ಸ್ವತಂತ್ರ ಭಾರತವು 1959ರಲ್ಲಿ ಹಳೆಯ ಶಾಸನವನ್ನು ತೆಗೆದು ಹೊಸದನ್ನು ಮಾಡಿತು.

ಒಂದು ಹಳ್ಳಿಗೂ ಸರಕಾರಕ್ಕೂ ನಡುವೆ ನಡೆದುದೇ ರಾಷ್ಟ್ರರಾಷ್ಟ್ರಗಳ ನಡುವೆಯೂ ನಡೆದಿದೆ. 1868ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೂಡಿದ ರಾಷ್ಟ್ರಗಳು, 400 ಗ್ರಾಮಿಗಿಂತ ಕಡಿಮೆ ತೂಕದ ಸ್ಫೋಟಕ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದೆಂದು ಒಪ್ಪಿಕೊಂಡುವು. 1899ರಲ್ಲಿ ಹೇಗ್ ನಗರದ ಸಭೆಯು, ದೇಹದೊಳಗೆ ಅರಳುವ ಗುಂಡನ್ನು ನಿಷೇಧಿಸಿತು. ಕಲಕತ್ತೆಯ ಬಳಿಯ ದಮ್‌ದಮ್ ಕಾರ್ಖಾನೆಯ ಹೆಸರೇ ಆ ಗುಂಡಿಗೆ ನಿಂತಿತ್ತು; ಇಂಗ್ಲೆಂಡು ಈ ನಿಷೇಧಕ್ಕೆ ಒಪ್ಪಿದುದು 1907ರಲ್ಲಿ. 1922ರ ವಾಷಿಂಗ್ಟನ್ ಸಂಧಿಯಲ್ಲಿ ಇಂಗ್ಲೆಂಡು, ಅಮೆರಿಕ, ಜಪಾನುಗಳ ಮಹಾನೌಕೆಗಳು 5:5:3ರ ಪ್ರಮಾಣದಲ್ಲಿರಬೇಕೆಂದು ಗೊತ್ತಾಯಿತು. ಆ ಸಂಧಿಗೆ ಭಾರತದ ಪರವಾಗಿ ಅಂಕಿತ ಹಾಕಿದವರು ಶ್ರೀನಿವಾಸ ಶಾಸ್ತ್ರಿಗಳು. ಪರವಾನಗಿಯಿಲ್ಲದೆ ಬಂದೂಕನ್ನು ಇಟ್ಟುಕೊಳ್ಳಲಾರದ ದೇಶದ ಪ್ರತಿನಿಧಿಯು ಮಹಾನೌಕೆಗಳ ಲೆಕ್ಕಕ್ಕೆ ಸಾಕ್ಷಿಯಾದನು. ಮೂರರ ಪಾಲಿಗೆ ಒಪ್ಪಿದ ಜಪಾನು 1934ರಲ್ಲಿ ಸಂಧಿಯನ್ನು ಬಿಡುವೆನೆಂದು ತಿಳಿಸಿತು. ಮೊದಲ ಮಹಾಯುದ್ಧದ ಬಳಿಕ ಜರ್ಮನಿಯ ಸೈನ್ಯವನ್ನು ಒಂದು ಲಕ್ಷಕ್ಕೆ ಇಳಿಸಿದವರು ತಮ್ಮದನ್ನೂ ಇಳಿಸುವೆವೆಂಬ ಆಸೆಯನ್ನು ತೋರಿಸಿ ಸುಮ್ಮನಾದರು. ಆ ಅಸಮಾಧಾನವು ಹಿಟ್ಲರನ ದುಷ್ಟಕಾರ್ಯಕ್ಕೆ ಬಂಡವಾಳವಾಯಿತು. 1933ರಲ್ಲಿ ಜರ್ಮನಿಯು ಜಿನೀವದ ನಿಶ್ಶಸ್ತ್ರೀಕರಣ ಪರಿಷತ್ತನ್ನು ಬಿಟ್ಟು ಹೊರಟುಹೋಯಿತು.

1945ರ ಅಣುಬಾಂಬಿನ ತರುವಾಯ ಪ್ರಶ್ನೆಯು ಭಯಂಕರವಾಯಿತು. 1954ರಲ್ಲಿ ಜವಾಹರಲಾಲ ನೆಹರುರವರು ಅಣ್ವಸ್ತ್ರಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಲೋಕಕ್ಕೆ ಕರೆಯಿತ್ತರು. 1968ರ ಅಣ್ವಸ್ತ್ರಪ್ರಸಾರನಿರೋಧ ಸಂಧಿಯಾದರೋ, 1967ರ ಜನವರಿ 1ಕ್ಕೆ ಮೊದಲು ಸ್ಫೋಟಿಸಿದವರನ್ನು ಒಂದು ಪಂಕ್ತಿಯಲ್ಲಿಯೂ ಉಳಿದವರನ್ನು ಇನ್ನೊಂದು ಪಂಕ್ತಿಯಲ್ಲಿಯೂ ಕುಳ್ಳಿರಿಸಿತು. ಮೊದಲ ಪಂಕ್ತಿಯವರೂ ತಮ್ಮ ಅಸ್ತ್ರಗಳನ್ನು ಬಿಡಲು ಸದ್ಭಾವದಿಂದ ಮಾತುಕತೆ ನಡೆಸಬೇಕೆಂದು ಅದರಲ್ಲಿ ಬರೆದಿದ್ದರೂ ಗಡುವೊಂದನ್ನು ಇಡಲಿಲ್ಲ. ಇದು ವಿಷಮವೆಂದು ಭಾರತವು ಅಂಕಿತ ಹಾಕಲಿಲ್ಲ. ಭಾರತದ ದೂರು ನ್ಯಾಯವಾದುದೇ. ಆದರೆ 1974ರಲ್ಲಿಯೂ 1998ರಲ್ಲಿಯೂ ಪೋಖರಣದಲ್ಲಿ ಸ್ಫೋಟಿಸಿದ ಬಳಿಕ ಭಾರತವೂ ಚಕ್ರವನ್ನು ಕೈಯಲ್ಲಿಟ್ಟುಕೊಂಡವರಲ್ಲಿ ಒಂದಾಯಿತು. ತಾನಾಗಿ ಮೊದಲು ಪ್ರಯೋಗಿಸುವುದಿಲ್ಲವೆಂಬ ಮಾತನ್ನು ಕೊಟ್ಟಿರುವುದರಿಂದ ಹೊಣೆಯು ಹಗುರವಾಗುವುದಿಲ್ಲ, ಆ ಮಾತನ್ನು ಕಾಯುವ ಭಾರವೂ ಕೂಡಿಕೊಳ್ಳುತ್ತದೆ.

ಸಮವಾದ ಸಂಧಿಯು ಅಸಾಧ್ಯವೆಂದು ಹೇಳಲಾಗದು. 1993ರ ರಾಸಾಯನಿಕಾಸ್ತ್ರಗಳ ಒಡಂಬಡಿಕೆಯಲ್ಲಿ ಎರಡು ಪಂಕ್ತಿಗಳಿಲ್ಲ. ಇದ್ದವರೆಲ್ಲರೂ ಲೆಕ್ಕ ಕೊಟ್ಟು, ಪರೀಕ್ಷಕರಿಗೆ ಬಾಗಿಲು ತೆರೆದು, ನಾಶಮಾಡಬೇಕು. ಭಾರತವು 1997ರಲ್ಲಿ ತನ್ನ ಸಂಗ್ರಹವನ್ನು ಪ್ರಕಟಿಸಿ 2009ರಲ್ಲಿ ಅದನ್ನು ಪೂರ್ತಿಯಾಗಿ ನಾಶಪಡಿಸಿತು. 2023ರಲ್ಲಿ ಅಮೆರಿಕವು ಕೊನೆಯದನ್ನು ನಾಶಪಡಿಸುವುದರೊಂದಿಗೆ ಪ್ರಕಟಿತ ಸಂಗ್ರಹಗಳೆಲ್ಲ ತೀರಿದುವು. ಗುಟ್ಟಾಗಿ ಇಟ್ಟುಕೊಂಡವರ ಶಂಕೆ ಉಳಿದೇ ಇದೆ. ಆದರೂ ಒಂದು ಜಾತಿಯ ಆಯುಧವನ್ನು ಬಲಿಷ್ಠರೂ ದುರ್ಬಲರೂ ಒಂದೇ ನಿಯಮದಿಂದ ಬಿಟ್ಟ ದೃಷ್ಟಾಂತವು ಇದರಿಂದ ದೊರೆಯಿತು.

ಇದರ ಸಣ್ಣ ನಿದರ್ಶನವನ್ನು ಬೆಳ್ತಂಗಡಿ ಬಂಟವಾಳಗಳ ತೋಟದ ಮನೆಗಳಲ್ಲಿಯೂ ಕಾಣಬಹುದು. ಚುನಾವಣೆ ಬಂದಾಗ, ಬೆಳೆರಕ್ಷಣೆಗೆ ಪರವಾನಗಿ ಪಡೆದ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕಾಗುತ್ತದೆ. ಆ ದಿನಗಳಲ್ಲಿ ಹಂದಿ ಮಂಗಗಳು ತೋಟಕ್ಕೆ ನುಗ್ಗುವುದೆಂದು ಕೃಷಿಕರು ಗೊಣಗುವುದುಂಟು; ಅದು ಬರಿಯ ನೆವವಲ್ಲ, ಕಷ್ಟವು ನಿಜವಾದುದೇ. ಆದರೂ ಒಪ್ಪಿಸುವರು. ನೆರೆಮನೆಯವನ ಕೋವಿಯೂ ಅಲ್ಲಿಯೇ ಇರುವುದೆಂದೂ, ಚುನಾವಣೆ ಮುಗಿದೊಡನೆ ತಮ್ಮದು ತಿರುಗಿ ಬರುವುದೆಂದೂ ಅವರು ಬಲ್ಲರು. ಹಲಗಲಿಯ ಬೇಡರಿಗೆ ಇಂಥ ಭರವಸೆಯನ್ನು ಕೊಡುವವರು ಯಾರೂ ಇರಲಿಲ್ಲ. ಅಣ್ವಸ್ತ್ರಗಳ ವಿಷಯದಲ್ಲಿ ರಾಷ್ಟ್ರಗಳೂ ಅದನ್ನು ಒಂದಕ್ಕೊಂದು ಇನ್ನೂ ಕೊಟ್ಟಿಲ್ಲ. ಅದು ದೊರೆಯುವವರೆಗೆ ಸಂಧಿಪತ್ರಗಳಿಗೆ ಅಂಕಿತವು ಬೀಳಬಹುದು, ಆಯುಧವು ಕೆಳಗೆ ಬೀಳಲಾರದು.