ಬೆಡಗಿನ ವಚನವೂ ಟೀಕೂ

ಕೃತಿಯ ಅರ್ಥವನ್ನು ಕೃತಿಕಾರನೇ ಬಿಡಿಸಿ ಹೇಳಬೇಕೆ? 12ನೇ ಶತಮಾನದ ಅಲ್ಲಮಪ್ರಭುಗಳ ‘ಗುಹೇಶ್ವರ’ ಅಂಕಿತದ ಬೆಡಗಿನ ವಚನಗಳು ಒಗಟಿನಂತಿವೆ. ಅವುಗಳಿಗೆ ಪ್ರಭುಗಳೇ ಬರೆದ ಟೀಕು ಇಲ್ಲ.

15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ‘ಶೂನ್ಯಸಂಪಾದನೆ’ಯಲ್ಲಿ ಬಿಡಿ ವಚನಗಳನ್ನು ಸಂವಾದವಾಗಿ ಜೋಡಿಸಿ ಸಂದರ್ಭ ಒದಗಿಸಿದರು. ಟೀಕಾಕಾರರು ಷಟ್‌ಸ್ಥಲ ತತ್ತ್ವದ ಬೆಳಕಿನಲ್ಲಿ ಬೆಡಗಿನ ಪದಪದಕ್ಕೂ ಅರ್ಥ ಬರೆದರು. ಈ ಟೀಕುಗಳಿಲ್ಲದಿದ್ದರೆ ಎಷ್ಟೋ ಬೆಡಗುಗಳ ಪರಿಭಾಷೆ ಇಂದಿನ ಓದುಗರಿಗೆ ತಿಳಿಯುತ್ತಿರಲಿಲ್ಲ. ಆ ಉಪಕಾರ ದೊಡ್ಡದು.

ಆದರೂ ಅದು ಟೀಕಾಕಾರರು ಕಂಡ ಅರ್ಥವೇ ಹೊರತು ಪ್ರಭುಗಳು ಒತ್ತಿದ ಮುದ್ರೆಯಲ್ಲ. ಅದನ್ನೇ ಕಡೆಯ ಮಾತೆಂದು ಕಂಠಪಾಠ ಮಾಡಿದರೆ ಒಗಟು ಬಿಡಿಸುವ ಸಾಧನೆಯೇ ತಪ್ಪಿಹೋಗುತ್ತದೆ. ಹೇಳಿಕೊಟ್ಟ ಅರ್ಥ ತಿಳಿವಳಿಕೆಯಾಗಬಹುದು. ಅನುಭಾವವಾಗಬೇಕಾದರೆ ಓದುಗನು ತಾನೇ ವಚನದೊಳಗೆ ನಡೆಯಬೇಕು. ಪ್ರಭುಗಳ ಮೌನ ಆ ದಾರಿಯನ್ನು ಇಂದಿಗೂ ತೆರೆದಿಟ್ಟಿದೆ.