20 ಮಿ.ಗ್ರಾಂ.ನಿಂದ ಯಾಕೆ ಶುರು? ಬಿಸಿಎಲ್-2 ಪ್ರೋಟೀನ್ ಮತ್ತು ವೆನೆಟೊಕ್ಲ್ಯಾಕ್ಸ್

ಸಿಎಲ್‌ಎಲ್ ಎಂಬ ರಕ್ತದ ಕ್ಯಾನ್ಸರಿಗೆ ವೆನೆಟೊಕ್ಲ್ಯಾಕ್ಸ್ ಮಾತ್ರೆ ಬರೆದುಕೊಟ್ಟಾಗ ಮನೆಯವರಿಗೆ ಒಂದು ಅನುಮಾನ ಬರುವುದು ಸಹಜ. ಪೂರ್ತಿ ಡೋಸ್ 400 ಮಿ.ಗ್ರಾಂ. ಆಗಿದ್ದರೆ 20ರಿಂದ ಯಾಕೆ ಶುರು ಮಾಡುತ್ತಾರೆ? ಉತ್ತರ ಬಿಸಿಎಲ್-2 ಎಂಬ ಪ್ರೋಟೀನಿನ ಆಕಾರದಲ್ಲಿದೆ.

ನಮ್ಮ ದೇಹದಲ್ಲಿ ಹಳೆಯದಾದ, ಕೆಟ್ಟುಹೋದ ಜೀವಕೋಶಗಳು ತಾವಾಗಿಯೇ ಸಾಯುತ್ತವೆ. ಇದಕ್ಕೆ ಅಪೊಪ್ಟೋಸಿಸ್ ಎಂದು ಹೆಸರು. ಆ ಹೊತ್ತು ಬಂದಾಗ ಬ್ಯಾಕ್ಸ್, ಬ್ಯಾಕ್ ಎಂಬ ಪ್ರೋಟೀನ್‌ಗಳು ಮೈಟೊಕಾಂಡ್ರಿಯಾದ ಹೊರಪೊರೆಯಲ್ಲಿ ರಂಧ್ರ ಕೊರೆಯುತ್ತವೆ.

ಇದನ್ನು ತಡೆಯುವುದು ಬಿಸಿಎಲ್-2. 239 ಅಮೈನೋ ಆಮ್ಲಗಳ ಈ ಸರಪಣಿ ಹಲವು ಸುರುಳಿಗಳಾಗಿ ಮಡಚಿಕೊಂಡು, ತನ್ನ ಬಾಲವನ್ನು ಅದೇ ಹೊರಪೊರೆಯಲ್ಲಿ ಊರಿಕೊಂಡಿರುತ್ತದೆ. ಅದರ ಮೈಮೇಲೆ ಒಂದು ಉದ್ದನೆಯ ತಗ್ಗಿದೆ. ಸಾವಿನ ಸಂದೇಶ ತರುವ ಬಿಮ್‌ನಂಥ ಪ್ರೋಟೀನ್‌ಗಳಲ್ಲಿ ಬಿಎಚ್3 ಎಂಬ ಸಣ್ಣ ಸುರುಳಿಯಿರುತ್ತದೆ. ಅದು ಈ ತಗ್ಗಿನಲ್ಲಿ ಸಿಕ್ಕಿಕೊಂಡರೆ ಸಂದೇಶ ಅಲ್ಲಿಗೇ ನಿಂತಿತು. ಸಿಎಲ್‌ಎಲ್ ಜೀವಕೋಶಗಳಲ್ಲಿ ಬಿಸಿಎಲ್-2 ವಿಪರೀತ ಇರುವುದರಿಂದ ಅವು ಸಾಯದೆ ಗುಡ್ಡೆ ಬೀಳುತ್ತವೆ.

ವೆನೆಟೊಕ್ಲ್ಯಾಕ್ಸ್ ಆ ತಗ್ಗಿನಲ್ಲೇ ಹೋಗಿ ಕೂರುತ್ತದೆ. ಬಿಮ್ ಬಿಡಿಸಿಕೊಳ್ಳುತ್ತದೆ, ಜೀವಕೋಶ ಸಾಯುತ್ತದೆ. ಇದಕ್ಕೂ ಮೊದಲು ಬಂದ ನ್ಯಾವಿಟೊಕ್ಲ್ಯಾಕ್ಸ್, ಬಿಸಿಎಲ್-ಎಕ್ಸ್‌ಎಲ್ ಎಂಬ ಸೋದರ ಪ್ರೋಟೀನಿನ ತಗ್ಗಿಗೂ ಹೊಂದುತ್ತಿತ್ತು. ಪ್ಲೇಟ್‌ಲೆಟ್‌ಗಳು ಬದುಕಿರುವುದೇ ಆ ಪ್ರೋಟೀನಿನಿಂದ. ಹಾಗಾಗಿ ಅವು ಕುಸಿಯುತ್ತಿದ್ದವು. ಬಿಸಿಎಲ್-2ಕ್ಕೆ ಮಾತ್ರ ಹೊಂದುವಂತೆ ಅಣುವನ್ನು ತಿದ್ದಿದ ಮೇಲೆ ಸಿಕ್ಕಿದ್ದು ವೆನೆಟೊಕ್ಲ್ಯಾಕ್ಸ್. ಅಮೆರಿಕದಲ್ಲಿ ಅದಕ್ಕೆ 2016ರಲ್ಲಿ ಅನುಮತಿ ದೊರೆಯಿತು.

ತೊಂದರೆ ಇರುವುದು ಔಷಧ ಚೆನ್ನಾಗಿ ಕೆಲಸ ಮಾಡುವುದರಲ್ಲೇ. ಲೆಕ್ಕವಿಲ್ಲದಷ್ಟು ಜೀವಕೋಶಗಳು ಕೆಲವೇ ಗಂಟೆಗಳಲ್ಲಿ ಒಟ್ಟಿಗೆ ಸತ್ತರೆ ಪೊಟ್ಯಾಸಿಯಂ, ಫಾಸ್ಫೇಟ್, ಯೂರಿಕ್ ಆಮ್ಲ ರಕ್ತಕ್ಕೆ ನುಗ್ಗುತ್ತವೆ. ಕಿಡ್ನಿ ಕೆಡಬಹುದು, ಹೃದಯದ ಬಡಿತ ತಪ್ಪಬಹುದು. ಇದೇ ಟ್ಯೂಮರ್ ಲೈಸಿಸ್ ಸಿಂಡ್ರೋಮ್. ಅದಕ್ಕಾಗಿಯೇ ವಾರಕ್ಕೊಂದು ಮೆಟ್ಟಿಲು: 20, 50, 100, 200, ಐದನೇ ವಾರ 400. '20 ಮಿ.ಗ್ರಾಂ. ತಾನೇ' ಎಂದು ರಕ್ತಪರೀಕ್ಷೆ ತಪ್ಪಿಸಬೇಡಿ. ಅಪಾಯ ಹೆಚ್ಚಿರುವುದು ಈ ಆರಂಭದ ವಾರಗಳಲ್ಲಿ. ಮೊದಲ ಮಾತ್ರೆಯ 6ರಿಂದ 8 ಗಂಟೆಗಳ ನಂತರ ಒಮ್ಮೆ, 24 ಗಂಟೆಗೆ ಮತ್ತೊಮ್ಮೆ ರಕ್ತ ತೆಗೆಯುವುದು ವಾಡಿಕೆ.

ಮಾತ್ರೆಯನ್ನು ಊಟದ ಜೊತೆ ತೆಗೆದುಕೊಳ್ಳಬೇಕು. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರು ಬೇಕು (ಹೃದಯದ ಅಥವಾ ಕಿಡ್ನಿಯ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿ ಕುಡಿಯಲಿ). ಗ್ರೇಪ್‌ಫ್ರೂಟ್, ಸ್ಟಾರ್ ಫ್ರೂಟ್ ಬೇಡ. ಕೆಲವು ಆಂಟಿಬಯೋಟಿಕ್‌ಗಳು, ಫಂಗಸ್ ಸೋಂಕಿನ ಔಷಧಗಳು ರಕ್ತದಲ್ಲಿ ವೆನೆಟೊಕ್ಲ್ಯಾಕ್ಸ್ ಪ್ರಮಾಣ ಏರಿಸುತ್ತವೆ, ಆದ್ದರಿಂದ ಜ್ವರಕ್ಕೆಂದು ಬೇರೆ ಡಾಕ್ಟರ ಬಳಿ ಹೋದರೂ ಈ ಮಾತ್ರೆಯ ಹೆಸರು ಹೇಳಿ. ಮರೆತು 8 ಗಂಟೆ ದಾಟಿದ್ದರೆ ಆ ದಿನದ್ದನ್ನು ಬಿಟ್ಟುಬಿಡಿ, ಮರುದಿನ ಎರಡು ಪಟ್ಟು ನುಂಗಬೇಡಿ.

ಮೂತ್ರ ಕಡಿಮೆಯಾದರೆ, ಸ್ನಾಯು ಸೆಳೆತ, ಗೊಂದಲ ಅಥವಾ ಎದೆಬಡಿತದಲ್ಲಿ ಏರುಪೇರು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಫೋನ್ ಮಾಡಿ.