ಕೆಸರುಗದ್ದೆಯ ತ್ರೈರಾಶಿಕ

ಲೆಕ್ಕ ಸರಿಯಾಗಿದ್ದೂ ಉತ್ತರ ತಪ್ಪಾಗುವುದುಂಟು. ಈ ಮಾತಿಗೆ ನಮ್ಮ ತುಳುನಾಡಿನ ಕಂಬಳದಿಂದಲೇ ಒಂದು ನಿದರ್ಶನವನ್ನು ತಮ್ಮ ಮುಂದಿಡುತ್ತೇನೆ.

2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆಯ ಕಡೆಯ ಶ್ರೀನಿವಾಸ ಗೌಡರು ಒಂದು ಜೊತೆ ಕೋಣಗಳನ್ನು 142.5 ಮೀಟರ್ ಉದ್ದದ ಕರೆಯಲ್ಲಿ 13.62 ಸೆಕೆಂಡುಗಳಲ್ಲಿ ಓಡಿಸಿದರು. ಇದನ್ನು ನೂರು ಮೀಟರಿಗೆ ಇಳಿಸಿದಾಗ 9.55 ಸೆಕೆಂಡು ಬಂತು. 2009ರಲ್ಲಿ ಬರ್ಲಿನ್ನಿನಲ್ಲಿ ಉಸೇನ್ ಬೋಲ್ಟ್ ಸ್ಥಾಪಿಸಿದ ವಿಶ್ವದಾಖಲೆ 9.58. ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಅದೇ ತಿಂಗಳು ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61 ಸೆಕೆಂಡುಗಳಲ್ಲಿ ಮುಗಿಸಿದಾಗ ಆ ಅಂಕಿ 9.51ಕ್ಕೆ ಇಳಿಯಿತು.

ಭಾಗಿಸಿ ನೋಡಿದರೆ ಗೌಡರ ವೇಗ ಸೆಕೆಂಡಿಗೆ 10.46 ಮೀಟರ್. ಗಂಟೆಗೆ 3,600 ಸೆಕೆಂಡು, ಕಿಲೋಮೀಟರಿಗೆ 1,000 ಮೀಟರ್, ಆದ್ದರಿಂದ 3.6ರಿಂದ ಗುಣಿಸಿದರೆ ಗಂಟೆಗೆ ಸುಮಾರು 37.7 ಕಿಲೋಮೀಟರ್. ಮೂಡುಬಿದಿರೆಯಿಂದ ಮಂಗಳೂರಿಗೆ ಸುಮಾರು 35 ಕಿಲೋಮೀಟರ್ ದಾರಿ. ಹಾಗಾದರೆ ಗೌಡರು ಗಂಟೆಯೊಳಗೆ ಮಂಗಳೂರು ಮುಟ್ಟಬೇಕು! ಕಾಗದ ಒಪ್ಪುತ್ತದೆ, ಕಾಲು ಒಪ್ಪುವುದಿಲ್ಲ, ಕೋಣವೂ ಒಪ್ಪುವುದಿಲ್ಲ. ದೂರವನ್ನು ಹೀಗೆ ಹಿಗ್ಗಿಸಿದಾಗ ನಗುವ ನಾವು, ಕುಗ್ಗಿಸಿದಾಗ ಮಾತ್ರ ನಂಬಿಬಿಡುತ್ತೇವೆ.

ಓಟದ ವೇಗ ಉದ್ದಕ್ಕೂ ಒಂದೇ ಅಲ್ಲ. ಬರ್ಲಿನ್ನಿನಲ್ಲಿ ಬೋಲ್ಟನಿಗೆ ಮೊದಲ 20 ಮೀಟರಿಗೆ 2.89 ಸೆಕೆಂಡು ಹಿಡಿಯಿತು; 60ರಿಂದ 80 ಮೀಟರಿನವರೆಗೆ 1.61 ಸೆಕೆಂಡು ಸಾಕಾಯಿತು. ಇಂತಹ ಗಿಡ್ಡ ಓಟಗಳಲ್ಲಿ ದೂರ ಒಂದಿಷ್ಟು ಹೆಚ್ಚಿದರೆ ಆರಂಭದ ನಿಧಾನ ಸರಾಸರಿಯಲ್ಲಿ ಕರಗಿಹೋಗುತ್ತದೆ. ಅದೇ ವರ್ಷ ಮ್ಯಾಂಚೆಸ್ಟರಿನಲ್ಲಿ ಅವನು 150 ಮೀಟರನ್ನು 14.35 ಸೆಕೆಂಡುಗಳಲ್ಲಿ ಓಡಿದ್ದ. ಅದನ್ನು ನೂರಕ್ಕೆ ಇಳಿಸಿದರೆ 9.57! ಬೋಲ್ಟನನ್ನು ಬೋಲ್ಟನೇ ಸೋಲಿಸಿದಂತಾಯಿತು.

ನಮ್ಮ ಪ್ರಾಚೀನರು ಈ ಲೆಕ್ಕವನ್ನು ತ್ರೈರಾಶಿಕವೆಂದರು. ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ನಡಿಗೆಯ ಗತಿಯಿಂದ ದೂರವನ್ನು ತಿಳಿಯುವ ಲೆಕ್ಕಗಳನ್ನೂ ಸೇರಿಸಿದ್ದಾನೆ. ಆದರೆ ಈ ವಿಧಿಗೆ ಶಾಸ್ತ್ರಕಾರರು ಒಂದು ಕಟ್ಟುಪಾಡು ಹಾಕಿದ್ದರು: ತಿಳಿದಿರುವ ‘ಪ್ರಮಾಣ’ವೂ ಬೇಕಾಗಿರುವ ‘ಇಚ್ಛೆ’ಯೂ ಒಂದೇ ಜಾತಿಯವಾಗಿರಬೇಕು. ಕೆಸರಿನ ಮೀಟರೂ ಓಟದಂಕಣದ ಮೀಟರೂ ಅಳತೆಯಲ್ಲಿ ಒಂದೇ, ಜಾತಿಯಲ್ಲಿ ಬೇರೆ.

ಬಂಟ್ವಾಳದ ಹೊಕ್ಕಾಡಿಗೋಳಿಯಲ್ಲಾಗಲಿ, ಮೂಡುಬಿದಿರೆಯ ಕಡಲಕೆರೆಯಲ್ಲಾಗಲಿ ಕಂಬಳದ ಫಲಿತಾಂಶದಲ್ಲಿ ಮೊದಲು ಬರುವುದು ಕೋಣಗಳ ಯಜಮಾನರ ಹೆಸರು. ಬಳಿಕ ‘ಓಡಿಸಿದವರು’ ಎಂದು ಓಟಗಾರನ ಹೆಸರು. ‘ಓಡಿದವರು’ ಎಂದಲ್ಲ. ಆ ಒಂದು ಪದದಲ್ಲಿ ಎರಡು ಕೋಣಗಳೂ ಒಬ್ಬ ಮನುಷ್ಯನೂ ಸೇರಿದ್ದಾರೆ. ಕನೆಹಲಗೆಯ ಸ್ಪರ್ಧೆಗಂತೂ ಗಡಿಯಾರವೇ ಬೇಡ: ಚಿಮ್ಮಿದ ನೀರು ಆರೂವರೆ ಕೋಲಿನ ನಿಶಾನೆಯನ್ನು ಮುಟ್ಟಿತೇ, ಏಳೂವರೆ ಕೋಲಿನದನ್ನು ಮುಟ್ಟಿತೇ ಎಂಬುದಷ್ಟೇ ಅಲ್ಲಿಯ ಅಳತೆ.

ಇದು ಬರಿಯ ಲೆಕ್ಕದ ಚರ್ಚೆಯಲ್ಲ. 2014ರ ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ ಕಂಬಳದ ಅಳಿವು ಉಳಿವು ನ್ಯಾಯಾಲಯದ ಕೈಯಲ್ಲಿತ್ತು. 2023ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಕರ್ನಾಟಕದ ತಿದ್ದುಪಡಿ ಕಾನೂನನ್ನು ಎತ್ತಿಹಿಡಿಯಿತು. ಅಲ್ಲಿ ಎದ್ದಿದ್ದ ಪ್ರಶ್ನೆ ಕೋಣಗಳ ನೋವಿನದು. ನಾವು ಹೆಮ್ಮೆಯಿಂದ ಸಾರಿದ 9.55ರಲ್ಲಾದರೋ ಕೋಣಗಳೇ ಇರಲಿಲ್ಲ. ಯಾವುದಕ್ಕೆ ನಾವು ಉತ್ತರ ಹೇಳಬೇಕಾಗಿತ್ತೋ ಅದನ್ನೇ ಲೆಕ್ಕದಿಂದ ಅಳಿಸಿದ್ದೆವು.

ಕೇಂದ್ರ ಕ್ರೀಡಾ ಸಚಿವರು ಪರೀಕ್ಷಾ ಓಟಕ್ಕೆ ಆಹ್ವಾನಿಸಿದಾಗ ಗೌಡರು ವಿನಯದಿಂದಲೇ ನಿರಾಕರಿಸಿದರು. ಕಂಬಳದಲ್ಲಿ ಹಿಮ್ಮಡಿಗೆ ಕೆಲಸ, ಓಟದಂಕಣದಲ್ಲಿ ಕಾಲ್ಬೆರಳಿಗೆ. ಇಲ್ಲಿ ಕೋಣಗಳ ಪಾಲೂ ಇದೆ ಎಂಬುದು ಅವರ ಸಮಾಧಾನವಾಗಿತ್ತು. ಶಾಸ್ತ್ರಕಾರರು ಜಾತಿಭೇದವೆಂದು ಸೂತ್ರದಲ್ಲಿ ಹೇಳಿದ್ದನ್ನು ಅವರು ತಮ್ಮ ಪಾದದಿಂದ ಅರಿತಿದ್ದರು. ನಾವೂ ಆ 13.62 ಸೆಕೆಂಡುಗಳನ್ನು ಯಾವುದಕ್ಕೂ ಇಳಿಸದೆ, ಕೆಸರಿನೊಡನೆ, ಕೋಣಗಳೊಡನೆ ಹಾಗೆಯೇ ಬರೆದಿಡುವುದು ಲೇಸು.